ಸರ್ ವಿಕ್ಟರ್ ಹಾರ್ಸ್ಲಿಯವರ ಚರಿತ್ರೆ

ದೀಪಾವಳಿಯ ಪಾಡ್ಯ ಮೊದಲ್ಗೊಂಡು ಕೆಲವು ವಾರಗಳವರೆಗೆ ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಊರುಗಳಲ್ಲಿ ಕೊಬ್ಬರಿ ಹೋರಿಗಳನ್ನು ಓಡಿಸುವ ಸಂಭ್ರಮವು ನಡೆಯುವುದು ವಾಚಕರೆಲ್ಲರಿಗೂ ತಿಳಿದ ಸಂಗತಿಯೇ ಆಗಿದೆ. ಆ ದಿನಗಳಲ್ಲಿ ಹೋರಿಯ ಹಾದಿಗೆ ಸಿಕ್ಕು ತಲೆಗೆ ಪೆಟ್ಟುಮಾಡಿಕೊಂಡ ತರುಣರ ಸುದ್ದಿಯೂ ಕಿವಿಗೆ ಬೀಳದೆ ಇರುವುದಿಲ್ಲ. ಹಬ್ಬ ಮುಗಿದರೂ ಪುಣೆ-ಬೆಂಗಳೂರು ಹೆದ್ದಾರಿಯು ವರ್ಷದ ಹನ್ನೆರಡು ತಿಂಗಳೂ ಅದೇ ಬಗೆಯ ಗಾಯಾಳುಗಳನ್ನು ಹುಬ್ಬಳ್ಳಿಯ ಹಾಗೂ ದಾವಣಗೆರೆಯ ಆಸ್ಪತ್ರೆಗಳಿಗೆ ಕಳುಹಿಸುತ್ತಲೇ ಇರುತ್ತದೆ. ಅಂಥ ರೋಗಿಯನ್ನು ಇಳಿಸಿಕೊಂಡ ವೈದ್ಯರು ಒಡೆದ ತಲೆಗೆ ಕೈಹಚ್ಚುವ ಮುನ್ನ ಆತನು ಉಸಿರಾಡುತ್ತಿರುವನೋ ಇಲ್ಲವೋ ಎಂಬುದನ್ನು ನೋಡುವರು. ಉಸಿರು ನಿಂತಿದ್ದರೆ ಮೊದಲು ಅದನ್ನು ನಡೆಯಿಸುವರು. ಪೆಟ್ಟು ಬಿದ್ದದ್ದು ತಲೆಗಾದರೆ ಚಿಕಿತ್ಸೆಯು ಉಸಿರಿನಿಂದ ಆರಂಭವಾಗುವುದೇಕೆ? ಈ ಪ್ರಶ್ನೆಗೆ ಪ್ರಯೋಗದಿಂದ ಉತ್ತರವನ್ನು ಹುಡುಕಿದವರಲ್ಲಿ ಮುಖ್ಯರಾದ ಒಬ್ಬ ಮಹಾನುಭಾವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಹಾಗೂ ಪಾಲಕರ ಮುಂದೆ ಇಡಬೇಕೆಂದು ಮನಸ್ಸು ಮಾಡಿದ್ದೇವೆ.

ವಿಕ್ಟರ್ ಅಲೆಗ್ಝಾಂಡರ್ ಹೇಡನ್ ಹಾರ್ಸ್ಲಿಯವರು 1857ನೆಯ ಇಸವಿಯ ಏಪ್ರಿಲ್ 14ರಂದು ಲಂಡನ್ ನಗರದ ಕೆನ್ಸಿಂಗ್ಟನ್ನಿನಲ್ಲಿ ಜನಿಸಿದರು. ವಿಕ್ಟೋರಿಯಾ ರಾಣಿಯ ಕಡೆಯ ಮಗಳಾದ ಬಿಯಾಟ್ರಿಸ್ ರಾಜಕುಮಾರಿಯು ಹುಟ್ಟಿದ್ದೂ ಅದೇ ದಿನವೇ. ತಂದೆಯಾದ ಜಾನ್ ಕಾಲ್ಕಾಟ್ ಹಾರ್ಸ್ಲಿಯವರು ಹೆಸರಾಂತ ಚಿತ್ರಕಾರರು. ಪ್ರತಿ ಡಿಸೆಂಬರಿನಲ್ಲಿಯೂ ನಮ್ಮ ಮಕ್ಕಳು ಬಣ್ಣ ಬಳಿದು ಒಬ್ಬರಿಗೊಬ್ಬರು ಕೊಡುವ ಕ್ರಿಸ್ಮಸ್ ಕಾರ್ಡಿನ ಮೂಲವನ್ನು ಹುಡುಕುತ್ತ ಹೋದರೆ 1843ರಲ್ಲಿ ಈ ಚಿತ್ರಕಾರರು ಬರೆದ ಕಾರ್ಡಿನ ಬಳಿಗೇ ಬಂದು ನಿಲ್ಲಬೇಕಾಗುವುದು. ಅಚ್ಚುಹಾಕಿ ಮಾರಿದ ಮೊದಲನೆಯ ಕ್ರಿಸ್ಮಸ್ ಕಾರ್ಡು ಅದೇ. ಇಂಥ ಕಲಾವಂತರ ಮನೆಯಲ್ಲಿ ಬೆಳೆದ ಹುಡುಗನು ಕ್ರಾನ್‌ಬ್ರುಕ್ ಎಂಬ ಹಳ್ಳಿಯ ಸಾಲೆಯಲ್ಲಿ ಓದಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಾಸಮಾಡಿದನು. ವಿದ್ಯಾರ್ಥಿದೆಸೆಯಿಂದಲೇ ಶೋಧನೆಯ ಹುಚ್ಚು ಬಹಳ. ಮತ್ತು ಬರಿಸುವ ಅನಿಲವನ್ನು ತಾವೇ ಹಲವು ಸಲ ಮೂಸಿ, ಪ್ರಜ್ಞೆಯು ಹೇಗೆ ಹೋಗುವುದು, ಹೇಗೆ ಮರಳುವುದು ಎಂಬುದನ್ನು ತಮ್ಮ ದೇಹದ ಮೇಲೆಯೇ ಪರೀಕ್ಷಿಸಿಕೊಂಡರು. ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದವರೆಂದು ಮುಂದೆ ಜನರಿಂದ ನಿಂದೆಗೊಳಗಾದ ಈ ವೈದ್ಯರು ಮೊದಲು ಪರೀಕ್ಷೆಗೆ ಒಳಪಡಿಸಿದ ಪ್ರಾಣಿಯು ತಾವೇ ಎಂಬುದನ್ನು ನಾವು ನೆನಪಿನಲ್ಲಿಡತಕ್ಕದ್ದು.

1884ರಲ್ಲಿ ಅವರು ಲಂಡನ್ನಿನ ಬ್ರೌನ್ ಇನ್ಸ್ಟಿಟ್ಯೂಷನ್ನಿನ ಮುಖ್ಯಸ್ಥರಾದರು. ಒಬ್ಬ ದಾನಿಯು ಬರೆದಿಟ್ಟ ಹಣದಿಂದ 1871ರಲ್ಲಿ ತೆರೆಯಲ್ಪಟ್ಟ ಈ ಸಂಸ್ಥೆಯು ಒಂದು ಕಡೆ ಬೇನೆಬಿದ್ದ ದನ, ಕುದುರೆ, ನಾಯಿಗಳ ಆಸ್ಪತ್ರೆಯೂ ಮತ್ತೊಂದು ಕಡೆ ರೋಗಗಳ ಕಾರಣವನ್ನು ಹುಡುಕುವ ಪ್ರಯೋಗಶಾಲೆಯೂ ಆಗಿದ್ದಿತು. ಹಾರ್ಸ್ಲಿಯವರು 1890ರವರೆಗೆ ಅಲ್ಲಿಯೇ ಇದ್ದರು. ಇಪ್ಪತ್ತೇಳು ವರ್ಷದ ತರುಣನು ಕೈಯಲ್ಲಿ ಹಿಡಿದ ಮೊದಲನೆಯ ಸಮಸ್ಯೆಯು ಸ್ತ್ರೀಯರಿಗೆ ವಿಶೇಷವಾಗಿ ಸಂಬಂಧಪಟ್ಟದ್ದಾದುದರಿಂದ ಅದನ್ನು ತುಸು ವಿಸ್ತಾರವಾಗಿ ಹೇಳುತ್ತೇವೆ.

ನಡುವಯಸ್ಸಿನ ಕೆಲವರು ಹೆಂಗಸರಲ್ಲಿ ಒಂದು ವಿಚಿತ್ರ ಬೇನೆಯು ಕಾಣಿಸಿಕೊಳ್ಳುತ್ತಿದ್ದಿತು. ಮುಖವು ಊದಿಕೊಳ್ಳುವುದು, ಕೂದಲು ಉದುರುವುದು, ಬೇಸಗೆಯಲ್ಲಿಯೂ ಚಳಿಯಾಗುವುದು, ಮಾತು, ನಡಿಗೆ, ವಿಚಾರ ಎಲ್ಲವೂ ನಿಧಾನವಾಗುತ್ತ ಬಂದು ಕೊನೆಗೆ ಚುರುಕಾದ ಗೃಹಿಣಿಯೊಬ್ಬಳು ಮಂಕುಬಡಿದವಳಂತೆ ಮೂಲೆಯಲ್ಲಿ ಕುಳಿತುಬಿಡುವಳು. ಮಿಕ್ಸಿಡೀಮಾ ಎಂದು ಇದಕ್ಕೆ ಹೆಸರು. ಮನೆಯವರು ಅವಳನ್ನು ಸೋಮಾರಿಯೆಂದು ಬೈದದ್ದೂ ಉಂಟು, ಹುಚ್ಚಾಸ್ಪತ್ರೆಗೆ ಸೇರಿಸಿದ್ದೂ ಉಂಟು. ಅತ್ತ ಸ್ವಿಟ್ಝರ್ಲಂಡಿನ ಬರ್ನ್ ನಗರದಲ್ಲಿ ಕೋಚರ್ ಎಂಬ ಶಸ್ತ್ರವೈದ್ಯರು ಗಳಗಂಡದ ರೋಗಿಗಳ ಕೊರಳಲ್ಲಿಯ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದುಹಾಕಿದಾಗ ಅವರಲ್ಲಿ ಹಲವರು ಇದೇ ಬಗೆಯ ಮಂಕಿಗೆ ತುತ್ತಾದರೆಂದು 1883ರಲ್ಲಿ ಪ್ರಕಟಪಡಿಸಿದರು. ಎರಡೂ ಒಂದೇ ಬೇನೆಯೋ ಬೇರೆ ಬೇರೆಯೋ ಎಂದು ತರ್ಕ ನಡೆಯಿತು. ಹಾರ್ಸ್ಲಿಯವರು ತರ್ಕವನ್ನು ಬದಿಗಿಟ್ಟು, ಕೋತಿಗಳಿಗೆ ಮತ್ತು ಬರಿಸಿ ಅವುಗಳ ಥೈರಾಯ್ಡನ್ನು ತೆಗೆದು ನೋಡಿದರು. ಕೋತಿಗಳ ಮುಖವು ಊದಿತು. ಚೇಷ್ಟೆಯೆಲ್ಲ ಅಡಗಿ ಅವು ಜಡವಾದವು. ಆ ಹೆಂಗಸರ ಮಂಕಿಗೆ ಕಾರಣವು ಅವರ ಸ್ವಭಾವವಲ್ಲ, ಕೊರಳಲ್ಲಿಯ ಒಂದು ಚಿಕ್ಕ ಗ್ರಂಥಿಯ ರಸವು ಸಾಲದೆ ಹೋಗುವುದೇ ಎಂಬುದು ಇದರಿಂದ ಗೊತ್ತಾಯಿತು.

ಕಾರಣವು ತಿಳಿದ ಬಳಿಕ ಉಪಾಯವೂ ಹೊಳೆಯಿತು. ಇಲ್ಲದ ರಸವನ್ನು ಬೇರೊಂದು ಪ್ರಾಣಿಯಿಂದ ತಂದು ಕೊಟ್ಟರಾಯಿತಲ್ಲವೆ? ಕುರಿಯ ಗ್ರಂಥಿಯನ್ನು ರೋಗಿಯ ದೇಹದಲ್ಲಿ ನಾಟಬೇಕೆಂದು 1890ರಲ್ಲಿ ಹಾರ್ಸ್ಲಿಯವರು ಸೂಚಿಸಿದರು. ಅವರ ಶಿಷ್ಯರಾಗಿದ್ದ ಜಾರ್ಜ್ ಮರೆಯವರು ಮರುವರ್ಷ ಇನ್ನೂ ಸುಲಭವಾದ ಮಾರ್ಗವನ್ನು ಹಿಡಿದು, ಕುರಿಯ ಥೈರಾಯ್ಡನ್ನು ಅರೆದು ತೆಗೆದ ಸತ್ವವನ್ನು 46 ವರ್ಷದ ಒಬ್ಬ ರೋಗಿಣಿಗೆ ಚರ್ಮದಡಿಯಲ್ಲಿ ಚುಚ್ಚಿದರು. ಕೆಲವೇ ತಿಂಗಳುಗಳಲ್ಲಿ ಆಕೆಯ ಬುದ್ಧಿಯೂ ಮುಖಚರ್ಯೆಯೂ ಮೊದಲಿನಂತಾದವು. ಆಕೆಯು ಮುಂದೆ ಇಪ್ಪತ್ತೆಂಟು ವರ್ಷ ಬದುಕಿ 1919ರಲ್ಲಿ ತನ್ನ 74ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಅಷ್ಟು ಕಾಲ ಅವಳನ್ನು ಉಳಿಸಲು 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು. ಕುರಿಸಂತೆಯನ್ನು ಕಂಡ ನಮ್ಮ ಕಡೆಯವರಿಗೆ ಈ ಲೆಕ್ಕವು ಸುಲಭವಾಗಿ ಕಣ್ಣಿಗೆ ಕಟ್ಟುವುದು. ಆ ರಸದ ತಿರುಳು ಗ್ರಂಥಿಯೊಳಗೆ ಥೈರೋಗ್ಲಾಬ್ಯುಲಿನ್ ಎಂಬ ಸಸಾರಜನಕದಲ್ಲಿ, ಅಂದರೆ ಈಗಿನ ಮಕ್ಕಳು ಪ್ರೋಟೀನೆಂದು ಕರೆಯುವ ವಸ್ತುವಿನಲ್ಲಿ, ಅಡಗಿರುವುದೆಂದು ಆಮೇಲೆ ತಿಳಿದುಬಂದಿತು. 1914ರಲ್ಲಿ ಕೆಂಡಾಲರು ಆ ತಿರುಳನ್ನು ಬೇರ್ಪಡಿಸಿದರು. 1927ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವುದು ಸಾಧ್ಯವಾಯಿತು. ಇಂದು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಜನರು ಬೆಳಗಿನ ಚಹಕ್ಕೆ ಮುಂಚೆ ನುಂಗುವ ಸಣ್ಣ ಬಿಳಿಯ ಗುಳಿಗೆಯ ಪೂರ್ವಕಥೆಯು ಇದು.

ಹುಚ್ಚುನಾಯಿಯ ವಿಷಕ್ಕೆ ಪಾಶ್ಚರರು ಕಂಡುಹಿಡಿದ ಚಿಕಿತ್ಸೆಯನ್ನು ಪರಿಶೀಲಿಸಲು ಇಂಗ್ಲಂಡದ ಸರಕಾರವು 1886ರಲ್ಲಿ ಮಂಡಲಿಯೊಂದನ್ನು ನೇಮಿಸಿದಾಗ ಹಾರ್ಸ್ಲಿಯವರೇ ಅದರ ಕಾರ್ಯದರ್ಶಿಗಳು. ಅವರು ಪ್ಯಾರಿಸ್ಸಿಗೆ ಹೋಗಿ ಬಂದು, ಬ್ರೌನ್ ಸಂಸ್ಥೆಯಲ್ಲಿ ತಾವೇ ಪ್ರಯೋಗಗಳನ್ನು ಮಾಡಿ, ಪಾಶ್ಚರರ ಮಾತು ನಿಜವೆಂದು ಒಪ್ಪಿದರು. ನಾಯಿಗಳ ಬಾಯಿಗೆ ಕುಕ್ಕೆ ಹಾಕಿಸಬೇಕೆಂದು ಹಟಹಿಡಿದು ವಾದಿಸಿದರು. ಜನರು ಸಿಟ್ಟಾದರೂ ಸರಕಾರವು ಅದನ್ನು ಕಾಯಿದೆಯಾಗಿ ಜಾರಿಗೆ ತಂದಿತು; 1902ರ ಹೊತ್ತಿಗೆ ಆ ದೇಶದಲ್ಲಿ ಆ ರೋಗವೇ ಇಲ್ಲದಂತಾಯಿತು. ನಮ್ಮಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆಯು 1907ರಲ್ಲಿ ಸ್ಥಾಪಿತವಾದರೂ ಹುಚ್ಚುನಾಯಿಯ ಭಯವು ಹೋಗಲಿಲ್ಲ. ಹೊಕ್ಕುಳ ಸುತ್ತ ಚುಚ್ಚಿಸಿಕೊಂಡ ಹದಿನಾಲ್ಕು ಸೂಜಿಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುವವರು ಪಾಲಕರಲ್ಲಿ ಇರಬಹುದು. ಕುಕ್ಕೆಯ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಅಪ್ರಿಯವೇ.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. 1886ರ ಫೆಬ್ರವರಿಯಲ್ಲಿ ಲಂಡನ್ನಿನ ಕ್ವೀನ್ ಸ್ಕ್ವೇರಿನಲ್ಲಿದ್ದ ಪಾರ್ಶ್ವವಾಯು ಹಾಗೂ ಅಪಸ್ಮಾರ ರೋಗಿಗಳ ಆಸ್ಪತ್ರೆಯಲ್ಲಿ ಹಾರ್ಸ್ಲಿಯವರು ಶಸ್ತ್ರವೈದ್ಯರಾಗಿ ನೇಮಕಗೊಂಡರು. ಮಿದುಳನ್ನು ಮುಟ್ಟಿದರೆ ಮನುಷ್ಯನು ಉಳಿಯನೆಂಬುದು ಆ ಕಾಲದ ಬಹುಮಂದಿ ವೈದ್ಯರ ನಂಬಿಕೆ. ಹಾರ್ಸ್ಲಿಯವರಾದರೋ ಕೋತಿಗಳ ಮಿದುಳಿನ ಮೇಲ್ಭಾಗವನ್ನು ವಿದ್ಯುತ್ತಿನಿಂದ ಮೆಲ್ಲನೆ ಕೆಣಕಿ, ಯಾವ ಸ್ಥಳವು ಕೈಯನ್ನು, ಯಾವ ಸ್ಥಳವು ಕಾಲನ್ನು, ಯಾವ ಸ್ಥಳವು ಮುಖವನ್ನು ಚಲಿಸುವಂತೆ ಮಾಡುವುದೆಂಬ ನಕಾಶೆಯನ್ನು ಸಹೋದ್ಯೋಗಿಗಳೊಡನೆ ಸಿದ್ಧಪಡಿಸುತ್ತಿದ್ದರು. ಅದೇ ವರ್ಷದ ಮೇ 25ರಂದು 22 ವರ್ಷದ ಒಬ್ಬ ಸ್ಕಾಟ್ಲಂಡಿನ ಯುವಕನನ್ನು ಅವರ ಮೇಜಿನ ಮೇಲೆ ಮಲಗಿಸಲಾಯಿತು. ಬಾಲ್ಯದಲ್ಲಿ ಎಡಿನ್‌ಬರೋ ಪಟ್ಟಣದ ಬೀದಿಯಲ್ಲಿ ಬಾಡಿಗೆಯ ಕುದುರೆಗಾಡಿಯೊಂದು ಬಡಿದು ಅವನ ತಲೆಬುರುಡೆಯು ಒಳಸರಿದು ಮುರಿದಿತ್ತು. ಗಾಯವು ಮಾಯ್ದಿದ್ದರೂ ಒಳಗೆ ಮಿದುಳಿನ ಮೇಲೆ ಉಳಿದ ಕಲೆಯಿಂದಾಗಿ ವರ್ಷಗಳ ತರುವಾಯ ಅವನಿಗೆ ಅಪಸ್ಮಾರದ ಸೆಳವುಗಳು ಬರತೊಡಗಿ, ಒಮ್ಮೊಮ್ಮೆ ಒಂದರ ಹಿಂದೊಂದರಂತೆ ಎಣಿಸಲಾರದಷ್ಟು ಬರುತ್ತಿದ್ದವು. ಹಾರ್ಸ್ಲಿಯವರು ಬುರುಡೆಯನ್ನು ತೆರೆದು ಆ ಕಲೆಯನ್ನು ಕೊಯ್ದು ತೆಗೆದರು. ಜಾಕ್ಸನ್, ಫೆರಿಯರ್ ಮೊದಲಾದ ಹಿರಿಯ ವೈದ್ಯರು ಸುತ್ತ ನಿಂತು ನೋಡುತ್ತಿದ್ದರು. ಯುವಕನು ಬದುಕಿದನು, ಸೆಳವುಗಳು ನಿಂತವು. ಆಗ ಹಾರ್ಸ್ಲಿಯವರ ವಯಸ್ಸು ಇಪ್ಪತ್ತೊಂಬತ್ತು. ಕೋತಿಯ ಮೇಲೆ ಬರೆದ ನಕಾಶೆಯು ಮನುಷ್ಯನ ತಲೆಯೊಳಗೆ ದಾರಿ ತೋರಿಸಿದ ದಿನವದು.

ಮರುವರ್ಷ ಜೂನ್ ತಿಂಗಳಲ್ಲಿ ಗಿಲ್ಬೀ ಎಂಬ ಸೈನ್ಯಾಧಿಕಾರಿಯ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಡ್ಡೆಯನ್ನು ಅವರು ತೆಗೆದರು. ನಡೆಯಲಾರದೆ ನೋವಿನಿಂದ ನರಳುತ್ತಿದ್ದ ಆತನು ಮತ್ತೆ ನಡೆದಾಡಿದನು. ಬುರುಡೆಯ ಎಲುಬಿನಿಂದ ಜಿನುಗುವ ರಕ್ತವನ್ನು ನಿಲ್ಲಿಸಲು ಜೇನುಮೇಣಕ್ಕೆ ಬಾದಾಮಿ ಎಣ್ಣೆಯನ್ನು ಕೂಡಿಸಿ ಅವರು ಮಾಡಿದ ಮುಲಾಮಿನಂಥ ಮೇಣವು ಅಲ್ಪಸ್ವಲ್ಪ ಬದಲಾವಣೆಗಳೊಡನೆ ಇಂದಿಗೂ ಶಸ್ತ್ರಕ್ರಿಯೆಯ ಕೋಣೆಗಳಲ್ಲಿ ಉಪಯೋಗದಲ್ಲಿದೆ. ನಮಗೆ ಇಂಥ ಸಣ್ಣ ಸಂಗತಿಗಳೇ ಹೆಚ್ಚು ಪ್ರಿಯವಾಗಿ ತೋರುವುವು.

ತಲೆಗೆ ಬಿದ್ದ ಪೆಟ್ಟಿನಿಂದ ಮನುಷ್ಯನು ಸಾಯುವುದು ಹೇಗೆ ಎಂಬ ಪ್ರಶ್ನೆಯನ್ನು ಅವರು 1894ರ ಸುಮಾರಿಗೆ ಕೈಗೆತ್ತಿಕೊಂಡರು. ಗುಂಡು ತಗಲಿದೊಡನೆ ಹೃದಯವು ನಿಲ್ಲುವುದರಿಂದಲೇ ಮರಣವು ಸಂಭವಿಸುವುದೆಂದು ಆವರೆಗೆ ತಿಳಿದಿದ್ದರು. ಹಾರ್ಸ್ಲಿಯವರು ಮೊದಲು ಹಸಿಯ ಜೇಡಿಮಣ್ಣಿನ ಮುದ್ದೆಗಳಿಗೆ ಗುಂಡು ಹಾರಿಸಿ, ಮೆತ್ತಗಿನ ವಸ್ತುವಿನಲ್ಲಿ ಗುಂಡಿನ ವೇಗವು ಸುತ್ತಲೂ ಹೇಗೆ ಹರಡುವುದೆಂಬುದನ್ನು ಅಳೆದರು. ಬಳಿಕ ಕ್ರೇಮರ್ ಎಂಬವರೊಡನೆ, ಈಥರಿನಿಂದ ಗಾಢವಾಗಿ ಮತ್ತು ಬರಿಸಿದ ನಾಯಿಗಳ ಮೇಲೆ ಪ್ರಯೋಗ ನಡೆಯಿಸಿ, ಉಸಿರಾಟವನ್ನೂ ರಕ್ತದ ಒತ್ತಡವನ್ನೂ ಯಂತ್ರದ ಮೂಲಕ ಬರೆಯಿಸಿಕೊಂಡರು. ಫಲಿತಾಂಶವು 1897ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪೆಟ್ಟಿನಿಂದ ಬುರುಡೆಯೊಳಗಿನ ಒತ್ತಡವು ಫಕ್ಕನೆ ಏರಿದಾಗ ಮೊದಲು ನಿಲ್ಲುವುದು ಉಸಿರು. ಹೃದಯವು ಇನ್ನೂ ಕೆಲಹೊತ್ತು ಬಡಿಯುತ್ತಲೇ ಇರುವುದು. ಆ ಸಮಯದಲ್ಲಿ ಕೃತಕವಾಗಿ ಉಸಿರಾಡಿಸಿದರೆ ಪ್ರಾಣವನ್ನು ಹಿಡಿದು ನಿಲ್ಲಿಸಬಹುದು. ನಾವು ಆರಂಭದಲ್ಲಿ ಹೇಳಿದ, ವೈದ್ಯರು ಮೊದಲು ಉಸಿರನ್ನು ನೋಡುವ ಪದ್ಧತಿಯ ಆಧಾರಗಳಲ್ಲಿ ಇದೂ ಒಂದು.

ಈ ಕಾರ್ಯವು ಸರಿಯೋ ತಪ್ಪೋ? ವಿಜ್ಞಾನದ ತಾಸಿನಲ್ಲಿ ನಮ್ಮ ಹುಡುಗಿಯರು ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ; ಕೇಳುವುದೇ ಯೋಗ್ಯ. ಹಾರ್ಸ್ಲಿಯವರ ಕಾಲದಲ್ಲಿ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವಳು ಒಬ್ಬ ಸ್ತ್ರೀ. ಐರ್ಲಂಡಿನ ಫ್ರಾನ್ಸೆಸ್ ಪವರ್ ಕಾಬ್ ಎಂಬ ಆ ವಿದುಷಿಯು ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಪದವಿಗಳು ದೊರೆಯಬೇಕೆಂದು ವಾದಿಸಿದವಳು. ಗಂಡಂದಿರ ಹೊಡೆತಕ್ಕೆ ಗುರಿಯಾದ ಹೆಂಗಸರಿಗೆ ಬೇರೆಯಾಗಿ ಬದುಕುವ ಹಕ್ಕನ್ನು ಕೊಡಿಸಿದ 1878ರ ಕಾಯಿದೆಯ ಹಿಂದೆಯೂ ಆಕೆಯ ಲೇಖನಿಯು ದುಡಿದಿತ್ತು. ಪ್ರಾಣಿಗಳ ಮೇಲಿನ ಪ್ರಯೋಗಗಳ ವಿರುದ್ಧ ಆಕೆಯು 1875ರಲ್ಲಿ ಸಂಘವನ್ನು ಕಟ್ಟಿದಳು. ಮರುವರ್ಷ ಇಂಗ್ಲಂಡದಲ್ಲಿ ಅಂಥ ಪ್ರಯೋಗಗಳಿಗೆ ಪರವಾನಗಿ ಬೇಕೆಂಬ ಕಾಯಿದೆಯಾಯಿತು. 1892ರಲ್ಲಿ ಆಕೆಯ ಹೆಸರಿನಲ್ಲಿ ಹೊರಬಿದ್ದ ಒಂದು ಪುಸ್ತಕದಲ್ಲಿ ಪ್ರಯೋಗಗಳ ವರ್ಣನೆಯಿದ್ದಿತು. ಆದರೆ ಅವುಗಳಲ್ಲಿ ಹಲವು ಕಡೆ ಪ್ರಾಣಿಗಳಿಗೆ ಮತ್ತು ಬರಿಸಿದ್ದರೆಂಬ ಸಂಗತಿಯನ್ನು ಬಿಟ್ಟುಬಿಡಲಾಗಿತ್ತು. ಅದೇ ವರ್ಷದ ಅಕ್ಟೋಬರದಲ್ಲಿ ಫೋಕ್‌ಸ್ಟನ್ನಿನಲ್ಲಿ ನೆರೆದ ಚರ್ಚ್ ಕಾಂಗ್ರೆಸ್ಸಿನಲ್ಲಿ, ಪಾದ್ರಿಗಳೂ ಬಿಷಪರೂ ತುಂಬಿದ ಸಭೆಯ ಎದುರಿಗೆ, ಹಾರ್ಸ್ಲಿಯವರು ಎದ್ದುನಿಂತು ಆ ತಪ್ಪನ್ನು ಎತ್ತಿ ತೋರಿಸಿದರು. ಪುಸ್ತಕವನ್ನು ಹಿಂದೆಗೆದುಕೊಂಡು ತಿದ್ದಬೇಕಾಯಿತು.

ಸಂಗತಿಯ ಮಟ್ಟಿಗೆ ಹಾರ್ಸ್ಲಿಯವರೇ ಸರಿ. ಆದರೆ ಎಪ್ಪತ್ತರ ಸಮೀಪದ ಒಬ್ಬ ಮಾನ್ಯ ಸ್ತ್ರೀಯ ವಿಷಯದಲ್ಲಿ ಅವರು ಬಳಸಿದ ಭಾಷೆಯು ಅತಿ ಕಠೋರವಾಗಿತ್ತೆಂಬುದೇ ನಮ್ಮ ಅಭಿಪ್ರಾಯ. ವಾದದಲ್ಲಿ ಅವರಿಗೆ ತಾಳ್ಮೆಯೆಂಬುದೇ ಇರಲಿಲ್ಲ. ಈ ದೋಷವು ಜೀವಮಾನವೆಲ್ಲ ಅವರನ್ನು ಬಿಡಲಿಲ್ಲ. ಮೇಲಾಗಿ ಕಾಬ್ ಅವರು ಕೇಳಿದ ಮೂಲಪ್ರಶ್ನೆಯು ಪುಸ್ತಕದ ತಪ್ಪಿನಿಂದ ಸುಳ್ಳಾಗಲಿಲ್ಲ. ಮೂಕಪ್ರಾಣಿಯು ತನ್ನ ಒಪ್ಪಿಗೆಯನ್ನು ಹೇಳಲಾರದು. ಮತ್ತು ಬರಿಸಿದ್ದರಿಂದ ನೋವು ತಪ್ಪೀತು, ಪ್ರಾಣವು ಉಳಿಯದು. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆಯುವ ಕಾಯಿದೆಯು ಪ್ರಯೋಗಗಳನ್ನು ನಿಷೇಧಿಸದೆ ಮೇಲ್ವಿಚಾರಣೆಗೆ ಒಳಪಡಿಸಿರುವುದು ಈ ಇಬ್ಬರ ನಡುವಣ ಜಗಳವು ಇನ್ನೂ ತೀರಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

ಸ್ತ್ರೀಯರ ವಿಷಯದಲ್ಲಿ ಹಾರ್ಸ್ಲಿಯವರು ಅನುದಾರರಾಗಿದ್ದರೆಂದು ಮಾತ್ರ ಯಾರೂ ತಿಳಿಯಬಾರದು. 1887ರಲ್ಲಿ ಎಲ್ಡ್ರೆಡ್ ಬ್ರಾಮ್‌ವೆಲ್ ಎಂಬವರನ್ನು ಮದುವೆಯಾದ ಅವರಿಗೆ ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಇದ್ದರು. 1902ರಲ್ಲಿ ಸರ್ ಪದವಿಯು ದೊರೆತ ಮೇಲೆ ಅವರ ಲಕ್ಷ್ಯವು ಸಾರ್ವಜನಿಕ ಕಾರ್ಯಗಳ ಕಡೆಗೆ ಹೆಚ್ಚಾಗಿ ಹರಿಯಿತು. ಮದ್ಯಪಾನದ ಕಡುವೈರಿಗಳಾದ ಅವರು ಮೇರಿ ಸ್ಟರ್ಜ್ ಎಂಬ ಮಹಿಳಾವೈದ್ಯರೊಡನೆ ಕೂಡಿ ಮದ್ಯವು ಮಾನವದೇಹಕ್ಕೆ ಮಾಡುವ ಹಾನಿಯನ್ನು ಕುರಿತು 1907ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಬಹಿರಂಗವಾಗಿ ಸಾರಿದರು. ಆ ಹಕ್ಕಿಗಾಗಿ ಸೆರೆಮನೆ ಸೇರಿ ಉಪವಾಸ ಹಿಡಿದ ಸ್ತ್ರೀಯರಿಗೆ ಅಧಿಕಾರಿಗಳು ಮೂಗಿನಲ್ಲಿ ನಳಿಗೆ ತುರುಕಿ ಬಲಾತ್ಕಾರದಿಂದ ಆಹಾರ ಹಾಕುತ್ತಿದ್ದರು. ಅದರಿಂದಾಗುವ ಅಪಾಯಗಳನ್ನು 1912ರಲ್ಲಿ ಆಗ್ನೆಸ್ ಸ್ಯಾವಿಲ್ ಎಂಬ ಮಹಿಳಾವೈದ್ಯರು ಹಾಗೂ ಮ್ಯಾನ್ಸೆಲ್ ಮೌಲಿನರೊಡನೆ ಸೇರಿ ವರದಿಯಾಗಿ ಬರೆದವರು ಇದೇ ಹಾರ್ಸ್ಲಿಯವರು. ಪಾರ್ಲಿಮೆಂಟಿಗೆ ಹೋಗಬೇಕೆಂಬ ಅವರ ಆಶೆಯು ಕೈಗೂಡಲಿಲ್ಲ. ಸ್ತ್ರೀಯರ ಪಕ್ಷವನ್ನು ಹಿಡಿದುದರಿಂದ ಅವರ ಸ್ವಪಕ್ಷದವರೇ ಮುಖ ತಿರುಗಿಸಿದರು. ಕಾಬ್ ಅವರು 1904ರಲ್ಲಿಯೇ ತೀರಿಕೊಂಡಿದ್ದರು. ಪ್ರಾಣಿಗಳ ವಿಷಯದಲ್ಲಿ ಬದ್ಧವೈರಿಗಳಾದ ಇಬ್ಬರೂ ಸ್ತ್ರೀಯರ ವಿಷಯದಲ್ಲಿ ಒಂದೇ ದಾರಿಯಲ್ಲಿ ನಡೆದವರು!

ಈ ನಡುವೆ 1908ರಲ್ಲಿ ರಾಬರ್ಟ್ ಕ್ಲಾರ್ಕರೊಡನೆ ಅವರು ಪ್ರಕಟಿಸಿದ ಯಂತ್ರವೊಂದನ್ನು ಹೇಳದೆ ಮುಂದೆ ಹೋಗಲಾಗದು. ಪ್ರಾಣಿಯ ತಲೆಯನ್ನು ಲೋಹದ ಚೌಕಟ್ಟಿನಲ್ಲಿ ಅಲ್ಲಾಡದಂತೆ ನಿಲ್ಲಿಸಿ, ಉದ್ದ ಅಗಲ ಆಳಗಳ ಅಳತೆಯಿಂದ ಮಿದುಳಿನ ಒಳಗಿನ ಯಾವ ಬಿಂದುವಿಗಾದರೂ ಸೂಜಿಯನ್ನು ಕರಾರುವಾಕ್ಕಾಗಿ ತಲಪಿಸುವ ಸಾಧನವದು. ಭೂಪಟದಲ್ಲಿ ಅಕ್ಷಾಂಶ ರೇಖಾಂಶಗಳಿಂದ ಊರನ್ನು ಹುಡುಕುವಂತೆಯೇ ಸರಿ. ಇದೇ ತತ್ವದ ಚೌಕಟ್ಟನ್ನು ಮನುಷ್ಯರಿಗೂ ಅಳವಡಿಸಿದ್ದು 1947ರಲ್ಲಿ.

ಮಹಾಯುದ್ಧವು ತೊಡಗಿದಾಗ ಹಾರ್ಸ್ಲಿಯವರಿಗೆ ಐವತ್ತೇಳು ವರ್ಷ. ಮನೆಯಲ್ಲಿ ಕುಳಿತಿರಬಹುದಾಗಿತ್ತು. ಅವರು 1915ರಲ್ಲಿ ಈಜಿಪ್ತಕ್ಕೆ ಸೈನ್ಯದ ಶಸ್ತ್ರವೈದ್ಯರಾಗಿ ಹೋದರು. 1916ರಲ್ಲಿ ತಾವಾಗಿಯೇ ಕೇಳಿಕೊಂಡು ಮೆಸೊಪೊಟೇಮಿಯಾಕ್ಕೆ, ಅಂದರೆ ಇಂದಿನ ಇರಾಕಕ್ಕೆ ತೆರಳಿದರು. ಅಲ್ಲಿ ಹೋರಾಡುತ್ತಿದ್ದ ಸೈನ್ಯದಲ್ಲಿ ಬಹುಭಾಗ ನಮ್ಮ ಹಿಂದುಸ್ಥಾನದ ಸಿಪಾಯಿಗಳೇ ಇದ್ದರು. ಔಷಧವಿಲ್ಲ, ದೋಣಿಗಳಿಲ್ಲ, ಗಾಯಾಳುಗಳಿಗೆ ನೆರಳೂ ಇಲ್ಲ. ಅಲ್ಲಿಯ ಅವ್ಯವಸ್ಥೆಯನ್ನು ಮರುವರ್ಷ ಸರಕಾರದ ವಿಚಾರಣಾ ಮಂಡಲಿಯೇ ಬಯಲಿಗೆಳೆಯಿತು. ಹಾರ್ಸ್ಲಿಯವರು ಉರಿಬಿಸಿಲಿನಲ್ಲಿ ರೋಗಿಗಳನ್ನು ಕಾಣಲು ಅಲೆದಾಡುತ್ತ ಬಿಸಿಲ ಹೊಡೆತಕ್ಕೆ ಸಿಲುಕಿ, 1916ರ ಜುಲೈ 16ರಂದು ಟೈಗ್ರಿಸ್ ನದಿಯ ದಂಡೆಯ ಅಮಾರಾ ಎಂಬಲ್ಲಿ ಪ್ರಾಣ ಬಿಟ್ಟರು. ಅವರನ್ನು ಅಲ್ಲಿಯೇ ಹೂಳಲಾಯಿತು. ಅವರ ಬ್ರೌನ್ ಸಂಸ್ಥೆಯ ಕಟ್ಟಡವೂ 1944ರಲ್ಲಿ ಬಾಂಬುಗಳಿಗೆ ಆಹುತಿಯಾಯಿತು.

ಅವರ ವಿದ್ಯೆಯು ನಮ್ಮ ಕಡೆಗೆ ಬಂದದ್ದು ತಡವಾಗಿ. ಐಡಾ ಸ್ಕಡರ್ ಅಮ್ಮನವರ ವೆಲ್ಲೂರಿನ ಮಿಶನ್ ಆಸ್ಪತ್ರೆಯಲ್ಲಿ 1949ರಲ್ಲಿ ಡಾ. ಜೇಕಬ್ ಚಾಂಡಿಯವರು ಮಿದುಳಿನ ಶಸ್ತ್ರಕ್ರಿಯೆಯ ವಿಭಾಗವನ್ನು ತೆರೆದರು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಅಲ್ಲಿಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ, ಇಂದು ನಾವೆಲ್ಲ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಾಯಿತು. ನಮ್ಮ ಜಿಲ್ಲೆಯ ಎಷ್ಟೋ ತಾಯಂದಿರು ಅದರ ಹೊರಸಾಲೆಯಲ್ಲಿ ರಾತ್ರಿ ಕಳೆದಿದ್ದಾರೆ.

ಉಸಿರನ್ನು ಹಿಡಿದು ನಿಲ್ಲಿಸಬಹುದು, ಒತ್ತಡವನ್ನು ಇಳಿಸಬಹುದು. ಆದರೆ ಪೆಟ್ಟಿನಿಂದ ಕೆಟ್ಟ ಮಿದುಳಿನ ಜೀವಕಣಗಳನ್ನು ಮತ್ತೆ ಸುಸ್ಥಿತಿಗೆ ತರುವ ಔಷಧವುಂಟೆ? ಕುರಿಯ ಗ್ರಂಥಿರಸವು ಮಂಕುಹಿಡಿದ ಬುದ್ಧಿಯನ್ನು ಬೆಳಗಿದಂತೆ ಯಾವುದಾದರೂ ಸಸಾರಜನಕವು ಈ ಕೆಲಸವನ್ನು ಮಾಡೀತೆಂದು ವಿಜ್ಞಾನಿಗಳು ಹುಡುಕುತ್ತ ಬಂದಿದ್ದಾರೆ. ಇಟಲಿಯ ರೀಟಾ ಲೆವಿ-ಮೊಂಟಾಲ್ಚೀನಿ ಎಂಬ ಮಹಿಳೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೆಹೂದಿಯೆಂಬ ಕಾರಣದಿಂದ ಕೆಲಸವನ್ನು ಕಳೆದುಕೊಂಡು, ತನ್ನ ಮಲಗುವ ಕೋಣೆಯಲ್ಲಿಯೇ ಕೋಳಿಯ ಭ್ರೂಣಗಳನ್ನು ಪರೀಕ್ಷಿಸುತ್ತಿದ್ದಳು. ಅಲ್ಲಿಂದ ತೊಡಗಿದ ಹುಡುಕಾಟವು ನರಗಳನ್ನು ಬೆಳೆಯಿಸುವ ಒಂದು ಸಸಾರಜನಕದ ಶೋಧಕ್ಕೆ ಮುಟ್ಟಿತು. ಅದಕ್ಕಾಗಿ 1986ರಲ್ಲಿ ಆಕೆಗೂ ಸ್ಟ್ಯಾನ್ಲಿ ಕೊಹೆನ್ನರಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ಈ ವಸ್ತುವನ್ನೂ ಇಂಥ ಇತರ ವಸ್ತುಗಳನ್ನೂ ತಲೆಗೆ ಪೆಟ್ಟಾದ ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ಸಸಾರಜನಕದ ಕಣಗಳು ದೊಡ್ಡವಾದುದರಿಂದ ರಕ್ತದಿಂದ ಮಿದುಳಿನೊಳಕ್ಕೆ ಸುಲಭವಾಗಿ ಇಳಿಯವು. ಆದಕಾರಣ ಮೂಗಿನ ಮೂಲಕ ಕೊಡುವ ಉಪಾಯವನ್ನೂ ಪರೀಕ್ಷಿಸುತ್ತಿದ್ದಾರೆ. ಮೂತ್ರಪಿಂಡದಲ್ಲಿ ಹುಟ್ಟುವ ಎರಿತ್ರೋಪೊಯೆಟಿನ್ ಎಂಬ ಸಸಾರಜನಕವು ಪ್ರಾಣಿಗಳಲ್ಲಿ ಒಳ್ಳೆಯ ಗುಣವನ್ನು ತೋರಿಸಿದುದರಿಂದ ಅದನ್ನು 606 ಜನ ಗಾಯಾಳುಗಳಲ್ಲಿ ಪರೀಕ್ಷಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶವು ನಿರಾಶೆಯದು. ಔಷಧ ಪಡೆದವರ ಮಿದುಳಿನ ಸ್ಥಿತಿಯು ಪಡೆಯದವರಿಗಿಂತ ಉತ್ತಮವಾಗಲಿಲ್ಲ. ಇಲಿಯ ಮಿದುಳು ನುಣುಪು, ನಮ್ಮದು ಮಡಿಕೆ ಮಡಿಕೆ. ಪ್ರಯೋಗಶಾಲೆಯಲ್ಲಿ ಎಲ್ಲ ಇಲಿಗಳಿಗೂ ಒಂದೇ ಅಳತೆಯ ಪೆಟ್ಟು, ರಸ್ತೆಯಲ್ಲಿ ಇಬ್ಬರಿಗೆ ಒಂದೇ ಬಗೆಯ ಪೆಟ್ಟು ಬೀಳುವುದಿಲ್ಲ.

ಬೈಸಿಕಲ್ ಮೋಟಾರಿನ ಹಿಂದೆ ತಲೆಗೆ ಟೊಪ್ಪಿಗೆಯಿಲ್ಲದೆ ಮಕ್ಕಳನ್ನು ಕೂರಿಸಿಕೊಂಡು ಸಾಲೆಯ ಬಾಗಿಲಿಗೆ ಬರುವ ಪಾಲಕರು ಈ ಕೊನೆಯ ಸಂಗತಿಯನ್ನು ಇನ್ನೊಮ್ಮೆ ಓದಬೇಕೆಂದು ನಾವು ವಿನಂತಿಸುತ್ತೇವೆ. ಆ ಔಷಧವು ಇನ್ನೂ ಸಿದ್ಧವಾಗಿಲ್ಲ.